ಹಿತ್ತಲ ಬಾಗಿಲಿನ ಅಲಾರಾಂ

2001ರ ಡಿಸೆಂಬರ್ 2, ಭಾನುವಾರ, ಸಂಜೆ 5.20. ಬಸ್ತಿಹಳ್ಳಿ ರಸ್ತೆಯ ತೆಂಗಿನಕಾಯಿ ವ್ಯಾಪಾರಿ ಜವರಣ್ಣ ಹಳೇಬೀಡು ಠಾಣೆಗೆ ಬಂದವನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಕ್ಕನೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ಗೆಂಡೆಹಳ್ಳಿಯ ಮದುವೆಗೆ ಹೋಗಿದ್ದಾಗ ಹಾಡಹಗಲೇ ಯಾರೋ ಹಿತ್ತಲ ಬಾಗಿಲು ತೆಗೆದು, ಹೆಂಡತಿಯ ಎರಡೆಳೆ ಸರ ಕದ್ದಿದ್ದಾರೆಂದು ದೂರು ಕೊಟ್ಟ. ಬೀದಿ ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಹಿತ್ತಲ ಬಾಗಿಲಿನ ಅಲಾರಾಂ ಮಾತ್ರ ಕೂಗಿರಲಿಲ್ಲ; ಅದರ ಸ್ವಿಚ್ಚನ್ನು ಯಾರೋ ಆರಿಸಿದ್ದರು. ಸ್ವಿಚ್ಚಿರುವುದು ದೇವರ ಪಟದ ಹಿಂದೆ. ಅದು ತನಗೆ, ಹೆಂಡತಿಗೆ, ಅಲ್ಲಿಡಿ ಎಂದು ಹೇಳಿಕೊಟ್ಟ ದಫೇದಾರರಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ ಎಂದ. ಎಫ್‌ಐಆರ್ ಬರೆಯುತ್ತಿದ್ದ ದಫೇದಾರ್ ದ್ಯಾವಯ್ಯನ ಕೈ ನಿಂತುಹೋಯಿತು.

ಆ ವರ್ಷ ಹಳೇಬೀಡಿನಲ್ಲಿ ಕಿಟಕಿಯೊಳಗೆ ಕೈ ತೂರಿಸಿ ಚಿಲಕ ತೆಗೆಯುವ ಕಳ್ಳರ ಕಾಟ. ಎಲ್ಲಿ ಬೀಗ, ಎಲ್ಲಿ ಚಿಲಕ, ಎಲ್ಲಿ ಅಲಾರಾಂ ಎಂದು ಮನೆಮನೆಗೆ ಹೋಗಿ ತಿಳಿಹೇಳುವ ಕೆಲಸ ದ್ಯಾವಯ್ಯನ ಪಾಲಿಗೆ ಬಂದಿತ್ತು. ಕೇಳಬೇಕೇ, ಮೇಷ್ಟರ ಗತ್ತಿನಲ್ಲಿ ಹೇಳಿದ್ದೇ ಹೇಳಿದ್ದು. ಜವರಣ್ಣನ ಹಿತ್ತಲ ಬಾಗಿಲಿನ ಚಿಲಕ ಪಕ್ಕದ ಕಿಟಕಿಗೆ ಎಟುಕದಂತೆ ನೆತ್ತಿಗೆ ಏರಿದ್ದು ಅವನ ಮಾತಿನಿಂದಲೇ. ಹೆಂಗಸು ಒಬ್ಬಳೇ ಮನೆಯಲ್ಲಿ ಉಳಿದರೆ ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಬಿಡಿ, ಕ್ಷೇಮ ಎಂದದ್ದೂ ಅವನೇ. ಹಾಗೆ ಉಳಿಯುವವಳು ಜವರಣ್ಣನ ಅಕ್ಕ ಅನುಸೂಯಮ್ಮ, ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ವಿಧವೆಯನ್ನು ಮದುವೆಗೆ ಯಾರು ಕರೆದೊಯ್ಯುತ್ತಾರೆ? ತಾನು ಒಳಕೋಣೆಯಲ್ಲಿ ಮಲಗಿದ್ದೆ, ಏನೂ ಕೇಳಿಸಲಿಲ್ಲ ಎಂದು ಹೇಳಿದ್ದಳು.

ಎಸ್‌ಐ ಗುರುಮೂರ್ತಿ ಬಾಗಿಲು ಮುಂದೆ ಮಾಡಿ ದ್ಯಾವಯ್ಯನನ್ನು ಕೇಳಿದರು.

“ನಿನ್ನೆ ಅವರ ಮನೆಗೆ ಹೋಗಿದ್ರಾ?”

“ಹೋಗಿದ್ದೆ ಸಾರ್. ಅಲಾರಾಂ ಕೂಗುತ್ತಾ ಅಂತ ನೋಡೋಕೆ.”

“ಇವತ್ತು ಮಧ್ಯಾಹ್ನ?”

“ರೂಮಲ್ಲಿದ್ದೆ. ಒಬ್ನೇ.”

ಎಸ್‌ಐ ಮುಖ ಗಂಟಿಕ್ಕಿಕೊಂಡರು. ಸೋಮವಾರ ಮಧ್ಯಾಹ್ನದೊಳಗೆ ಮೇಲಿನವರಿಗೆ ವರದಿ ಹೋಗಲೇಬೇಕು ಎಂದರು. ದ್ಯಾವಯ್ಯ ನಿವೃತ್ತನಾಗಲು ಇನ್ನು ಮೂರೇ ತಿಂಗಳು. ಸಸ್ಪೆಂಡ್ ಆದರೆ ಪಿಂಚಣಿಯೂ ಹೋಯಿತು, ಮೂವತ್ತಮೂರು ವರ್ಷದ ಹೆಸರೂ ಮಣ್ಣುಪಾಲು. ಹೊರಗೆ ಹೋಗಿ ನೀರು ಕುಡಿದು ಬಂದ.

ಸೋಮವಾರ ಬೆಳಗ್ಗೆ 8.15ಕ್ಕೆ ಜವರಣ್ಣನ ಮನೆಯಲ್ಲಿ ಪಂಚನಾಮೆ. ಪಂಚಸಾಕ್ಷಿಯಾಗಿ ನಿಂತವನು ನೆರೆಮನೆಯ ಕರಿಯಪ್ಪ. ಹಿತ್ತಲ ಬಾಗಿಲು ತೆರೆದಿರುವುದನ್ನು ಮೊದಲು ಕಂಡು, ಬೀದಿ ಕಡೆಯಿಂದ ಕೂಗಿ ಅನುಸೂಯಮ್ಮನನ್ನು ಎಚ್ಚರಿಸಿದವನೂ ಅವನೇ. ಹೊರಗಿನಿಂದ ಕಿಟಕಿಯೊಳಗೆ ಕೈ ಹಾಕುವಂತೆ ಎಸ್‌ಐ ದ್ಯಾವಯ್ಯನಿಗೆ ಹೇಳಿದರು. ಆರಡಿ ಆಳು, ಉದ್ದ ತೋಳು. ಬೆರಳು ಚಿಲಕಕ್ಕೆ ತಾಗಿತು. ಎಟುಕುತ್ತದೆ ಎಂದು ಎಸ್‌ಐ ಬರೆದುಕೊಂಡರು.

ಕೆನ್ನೆ ಸರಳಿಗೆ ಒತ್ತಿಕೊಂಡೇ ನಿಂತಿದ್ದ ದ್ಯಾವಯ್ಯನಿಗೆ ಆಗ ಒಳಗಿನ ನೆಲ ಕಾಣಿಸಿತು. ಕೆಂಪು ಗಾರೆಯ ಮೇಲೆ ಅಡುಗೆಮನೆಯಿಂದ ಬಾಗಿಲಿನವರೆಗೆ ಏನನ್ನೋ ಎಳೆದ ಹೊಸ ಗೀರು.

“ಸಾರ್, ನಂಗೆ ಎಟುಕೋ ಚಿಲಕಕ್ಕೆ ಮೆಟ್ಟಿಲು ಯಾಕೆ ಬೇಕು?”

ಗೀರು ಅಳೆದರು. ಅಡುಗೆಮನೆಯ ರಾಗಿ ಡ್ರಮ್ಮಿನ ತಳಕ್ಕೆ ಸರಿಹೋಯಿತು. ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿದಾಗ ಎರಡೆಳೆ ಸರ ಸಿಕ್ಕಿತು. ಅಷ್ಟರಲ್ಲಿ ದ್ಯಾವಯ್ಯ ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ಅನುಸೂಯಮ್ಮನ ಸೀರೆಯ ಅಂಚು ಹಿಡಿದು ನೋಡುತ್ತಿದ್ದ. ಒಗೆದರೂ ಬಿಡದ ಉತ್ತರಾಣಿ ಕಾಯಿ ಅಂಚಿನುದ್ದಕ್ಕೂ ಕಚ್ಚಿಕೊಂಡಿದ್ದವು. ಉತ್ತರಾಣಿ ಬೆಳೆಯುವುದು ಕೆರೆ ಏರಿಯ ಮೇಲೆ, ಒಳಕೋಣೆಯಲ್ಲಲ್ಲ.

“ಯಾರನ್ನ ನೋಡೋಕೆ ಹೋಗಿದ್ರಮ್ಮ?”

“ಯಾರ್ನೂ ಇಲ್ಲ. ಏರಿ ಮ್ಯಾಲೆ ಸುಮ್ಕೆ ಕೂತಿದ್ದೆ.”

ಪಟ ಒರೆಸುವವಳೇ ಅವಳು, ಸ್ವಿಚ್ಚು ಅವಳಿಗೆ ಗೊತ್ತಿರದೆ ಇದ್ದೀತೇ? ಎರಡು ಗಂಟೆ ಹೊತ್ತು ಏರಿಯ ಮೇಲೆ ಕೂತು ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ಬೀದಿಯಲ್ಲಿ ಕರಿಯಪ್ಪನ ಕೂಗು ಕೇಳಿಸಿತ್ತು. ಸರವಿದ್ದ ಬೀರುವಿನ ಕೀ ಬೀರುವಿಗೇ ತೂಗುತ್ತಿತ್ತು.

“ಬಾಗ್ಲು ತೆಗೆದೋರು ಯಾರು ಅಂದ್ರೆ ಏನನ್ಲಿ? ಕಳ್ಳ ಅಂದೆ. ಕಳ್ಳ ಬಂದ ಅಂದ್ಮ್ಯಾಕೆ ಏನಾರಾ ಹೋಗ್ಬೇಕಲ್ಲ ಸ್ವಾಮಿ.”

ಹೊರಗೆ ಹೋಗಬೇಕೆಂದು ತಮ್ಮನನ್ನೇ ಕೇಳಬಹುದಿತ್ತಲ್ಲ ಎಂದ ದ್ಯಾವಯ್ಯ.

“ಕೇಳಿದ್ರೆ, ದಫೇದಾರ್ರೇ ಹೇಳವ್ರೆ ಬೀಗ ಹಾಕು ಅಂತ, ಅಂತಾನೆ.”

ದ್ಯಾವಯ್ಯನಿಗೆ ಪಿಂಚಣಿ ಉಳಿದ ಸಮಾಧಾನ ಒಂದು ಗಳಿಗೆಯೂ ನಿಲ್ಲಲಿಲ್ಲ. ನಾಚಿಕೆಯಾಯಿತು. ಜವರಣ್ಣ ತಲೆ ಎತ್ತದೆ, ಮಾನ ಹೋಗುತ್ತೆ ಸ್ವಾಮಿ, ದೂರು ವಾಪಸ್ ತಗೋತೀನಿ, ಅಕ್ಕನನ್ನು ಮನೆಯಲ್ಲೇ ಬಿಟ್ಟುಬಿಡಿ ಎಂದು ಅಂಗಲಾಚಿದ. ಎಸ್‌ಐ ಕೂಡ ಮೆತ್ತಗಾದರು. ಸರ ಮನೆಯಲ್ಲೇ ಸಿಕ್ಕಿತು ಎಂದು ಬರೆದು ಮುಗಿಸೋಣವೇ ಎಂದು ಅವಳನ್ನು ಕೇಳಿದರು.

ಅನುಸೂಯಮ್ಮ ನೆತ್ತಿಯ ಮೇಲಿನ ಚಿಲಕ ನೋಡಿದಳು.

“ಬ್ಯಾಡಿ ಸ್ವಾಮಿ. ಕೋರ್ಟಿಗೇ ಕರ್ಕಂಡೋಗಿ. ಬೇಲೂರು ನೋಡಿ ಹನ್ನೊಂದು ವರ್ಸ ಆಯ್ತು.”

ಕೋರ್ಟಿರುವ ಬೇಲೂರು ಅಲ್ಲಿಂದ ಹದಿನಾರು ಕಿಲೋಮೀಟರು. ಮಹಿಳಾ ಪೇದೆ ಭವ್ಯಾ ಬಂದ ಮೇಲೆ 11.40ಕ್ಕೆ ದಸ್ತಗಿರಿಯಾಯಿತು. ಅನುಸೂಯಮ್ಮ ಮಡಿಚಿಟ್ಟಿದ್ದ ಒಳ್ಳೆ ಸೀರೆ ಉಟ್ಟು ಬಂದು ಜೀಪು ಹತ್ತಿದಳು. ವರದಿಯಲ್ಲಿ ಅಪರಾಧಕ್ಕೆ ಕಾರಣವೇನೆಂದು ಬರೆಯಬೇಕಾದಲ್ಲಿ ದ್ಯಾವಯ್ಯ, ಆರೋಪಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಲಾಗಿತ್ತು, ಹಾಗೆ ಹಾಕಲು ಹೇಳಿದವನು ನಾನು ಎಂದು ಬರೆದು, ಕೆಳಗೆ ತನ್ನ ಹೆಸರು, ನಂಬರು ಹಾಕಿದ.