ಒಂದು ಡಿಸ್ಕು, ಎರಡು ಸಂಸಾರ

ಮಡಚುವ ಕುರ್ಚಿ ಮಾಡುವ ಆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು ಅವನೊಬ್ಬನೇ. ಮಾಲೀಕರು ಅವನ ಅಕ್ಕನ ಗಂಡ. ಒಂದೇ ಕೈಯಲ್ಲಿ ಮಡಚಬಹುದಾದ ಹೊಸ ಕುರ್ಚಿಗಾಗಿ ತಲೆ ಕೆಡಿಸಿಕೊಂಡವನು ಅವನು. ಮ್ಯಾನೇಜರ್ ಆಗಿ ಗಾಜಿನ ಕೋಣೆ ಹೊಕ್ಕವನು ಮಾತ್ರ ಭಾವನ ತಮ್ಮ. ಆ ತಮ್ಮ ಇಡೀ ದಿನ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತ ಕೂರುತ್ತಿದ್ದ. ಅದಕ್ಕೆ ಪರೀಕ್ಷೆ ಎಂದು ಹೆಸರು.

"ಅವನಿಗೂ ಒಂದು ದಾರಿ ಆಗ್ಬೇಕಲ್ವೇನೋ? ನೀನು ಬುದ್ಧಿವಂತ, ಹೇಗೋ ಬದುಕ್ತೀಯ," ಎಂದಳು ಅಕ್ಕ.

ಬುದ್ಧಿವಂತ ಎನಿಸಿಕೊಂಡ ತಪ್ಪಿಗೆ ಸ್ಟೂಲಿನ ಮೇಲೆ ಕೂರಬೇಕಾಗಿ ಬಂದದ್ದು ಅವನ ಹೊಟ್ಟೆ ಉರಿಸಿತು. ಆ ನಕ್ಷೆ ತಂದುಕೊಟ್ಟರೆ ತಮ್ಮಲ್ಲಿ ಗಾಜಿನ ಕೋಣೆ ಸಿದ್ಧವಿದೆ ಎಂದು ಪಕ್ಕದ ಬೀದಿಯ ಕುರ್ಚಿ ಕಂಪನಿಯವರು ಹೇಳಿದಾಗ ಅವನು ಇಲ್ಲ ಎನ್ನಲಿಲ್ಲ.

ತೊಡಕು ಇದ್ದದ್ದು ಕಂಪ್ಯೂಟರಿನಲ್ಲಿ. ಅದಕ್ಕೆ ಇಂಟರ್ನೆಟ್ ಇರಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಆಫೀಸಿನ ಸಿಸ್ಟಮ್ ಒಪ್ಪುತ್ತಿರಲಿಲ್ಲ. ಸಾಲದ್ದಕ್ಕೆ ಭಾವನಿಗೆ ಚಾಡಿಯನ್ನೂ ಹೇಳುತ್ತಿತ್ತು. ಹಾಗಾಗಿ ಅವನು ಡಿಸ್ಕಿನ ಖಾಲಿ ಜಾಗವನ್ನು ಬೇರೆ ಪಾರ್ಟಿಶನ್, ಅಂದರೆ ಪಾಲು, ಮಾಡಿ, ಅಲ್ಲಿ ತನ್ನದೇ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನು ಕೂರಿಸಿದ. ಯಾವ ಪಾರ್ಟಿಶನ್ನಿಗೆ 'ಆಕ್ಟಿವ್' ಎಂಬ ಗುರುತಿದೆಯೋ, ಯಂತ್ರ ಎದ್ದಾಗ ಅದೇ ಯಜಮಾನ. ಗುರುತನ್ನು ತನ್ನ ಕಡೆಗೆ ಹಾಕಿಕೊಂಡರೆ ಯಾವ ಕಾವಲೂ ಇಲ್ಲ. ಕೆಲಸ ಮುಗಿಸಿ ಹಿಂದಕ್ಕೆ ಹಾಕಿದರೆ ಆಫೀಸಿನ ಸಿಸ್ಟಮ್ ಏನೂ ಅರಿಯದ ಮಗುವಿನಂತೆ ಕಣ್ಣು ಬಿಡುತ್ತದೆ.

ಎಲ್ಲರೂ ಊಟಕ್ಕೆ ಹೋದಾಗ ಕೆಲಸ ಸಲೀಸಾಗಿ ನಡೆಯಿತು. ನಕ್ಷೆ ಪೆನ್‌ಡ್ರೈವಿಗೆ ಇಳಿಯಿತು, ಪೆನ್‌ಡ್ರೈವ್ ಅಂಗಿಯ ಜೇಬಿಗೆ ಇಳಿಯಿತು. ಗುರುತು ಮರಳಿ ತನ್ನ ಜಾಗಕ್ಕೆ ಹೋಯಿತೇ ಎಂದು ಎರಡೆರಡು ಸಲ ನೋಡಿದ. ದಡ್ಡರು ಎಡವುವುದು ಅಲ್ಲೇ. ಭಾವ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಾಗ ಅದೇ ನಕ್ಷೆಯನ್ನು ಪ್ರಿಂಟ್ ಮಾಡಿ, ವಿನಯವೇ ಮೈವೆತ್ತಂತೆ ಕೊಟ್ಟ.

ಭಾವ ಹಾಳೆಯ ಮೂಲೆ ನೋಡಿ ಕನ್ನಡಕ ಸರಿಮಾಡಿಕೊಂಡರು. "ಏನೋ ಇದು? ಈಗ ತೆಗೆದ ಹಾಳೆ ಮೇಲೆ, ಬೆಳಿಗ್ಗೆ ನಾನು ಬೀಗ ತೆಗೆಯೋಕೂ ಮುಂಚಿನ ಟೈಮು ಬಿದ್ದಿದೆ?"

"ಹಳೇ ಮಷೀನು ಭಾವ. ಅದಕ್ಕೂ ವಯಸ್ಸಾಯ್ತು."

ಪರೀಕ್ಷೆಯಲ್ಲಿ ಮಗ್ನನಾಗಿದ್ದ ಮ್ಯಾನೇಜರ್ ಕುರ್ಚಿಯಿಂದಲೇ ತಲೆ ಎತ್ತಿದ. "ಅಯ್ಯೋ, ನನ್ನ ಲ್ಯಾಪ್‌ಟಾಪ್‌ದೂ ಇದೇ ಗೋಳು! ಗೇಮ್ ಆಡೋಕೆ ಅಂತ ಇನ್ನೊಂದು ಸಿಸ್ಟಮ್ ಹಾಕ್ಸಿದ್ದೀನಲ್ಲ, ಅದಕ್ಕೆ ಹೋಗಿ ಬಂದಾಗೆಲ್ಲ ಟೈಮು ಎಲ್ಲೋ ಓಡ್ಹೋಗಿರುತ್ತೆ. ನೀವೂ ಇಲ್ಲಿ ಎರಡು ಹಾಕಿದ್ದೀರಾ? ಹೇಳೋದಲ್ವಾ! ಯಾವ ಗೇಮು?"

ಭಾವ ನಕ್ಷೆಯವನ ಮುಖ ನೋಡಿದರು. ಆಮೇಲೆ, ತಾನಾಗಿಯೇ ಹೋಗಿ ಜೇಬು ಮುಚ್ಚಿಕೊಂಡಿದ್ದ ಅವನ ಕೈಯನ್ನು ನೋಡಿದರು. ಊಟದ ಹೊತ್ತಿನಲ್ಲಿ ತನ್ನ ಸಿಸ್ಟಮ್ ತಪ್ಪು ಟೈಮು ತೋರಿಸುತ್ತಿರುವುದನ್ನು ಕಂಡು, ಅಚ್ಚುಕಟ್ಟಿನ ಮನುಷ್ಯನಾದ ಅವನು ಅದನ್ನು ತಿದ್ದಿಟ್ಟಿದ್ದ. ಡಿಸ್ಕನ್ನು ಕೂದಲೆಳೆಯಷ್ಟೂ ತಪ್ಪದಂತೆ ಪಾಲು ಮಾಡಿದವನಿಗೆ ಹೊಳೆಯದೆ ಹೋದದ್ದು ಇಷ್ಟೇ: ಎರಡು ಸಂಸಾರಕ್ಕೂ ಯಂತ್ರದೊಳಗೆ ಇದ್ದ ಗಡಿಯಾರ ಒಂದೇ, ಅದನ್ನು ಓದುವ ಲೆಕ್ಕ ಮಾತ್ರ ಇಬ್ಬರದೂ ಬೇರೆ ಬೇರೆ; ಒಬ್ಬರ ಟೈಮು ತಿದ್ದಿದರೆ ಇನ್ನೊಬ್ಬರದು ಕೆಡುತ್ತದೆ.