ಕಾಲುಂಗುರ ತೆಗೆದ ದಿನ

"ನನ್ನ ಮಗ ಇನ್ನೂ ಗಟ್ಟಿ ಅದಾನ ಬೇ! ಕಾಲುಂಗುರ ಯಾಕ ತೆಗಿಯಾಕತ್ತೀ?"

ಮಂಚದ ಮೇಲಿಂದಲೇ ಪಂಪಮ್ಮ ಕೂಗಿದ ಕೂಗಿಗೆ ಮಸ್ಕಿಯ ಆ ಓಣಿಯೆಲ್ಲ ಇಣುಕಿತು. ಬಚ್ಚಲ ಕಟ್ಟೆಯ ಮೇಲೆ ಕುಳಿತು ಕಾಲ್ಬೆರಳಿಗೆ ಸಾಬೂನು ತಿಕ್ಕುತ್ತಿದ್ದ ಸೊಸೆ ಶಿವಗಂಗಾ ತಲೆ ಎತ್ತಲಿಲ್ಲ. ಅರವತ್ತು ದಾಟಿದ ಈಕೆ ಒಂದು ಕಾಲಕ್ಕೆ ಮೂರು ಸಾವಿರ ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದವಳು ಎಂದರೆ ಇಣುಕಿದವರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ ಬಿಡಿ! ಇವತ್ತು ಲಿಂಗಸುಗೂರಿನ ಮೈದಾನದಲ್ಲಿ ಹಳೆಯ ಓಟಗಾರರಿಗೆ ಸನ್ಮಾನ, ಅದಕ್ಕೂ ಮೊದಲು ಒಂದು ಓಟ. ಸನ್ಮಾನ ಯಾರಿಗೆ ಬೇಕಿತ್ತು? ಅವಳಿಗೆ ಒಂದು ಸಲ ಓಡಬೇಕಿತ್ತು, ಅಷ್ಟೆ.

ಮದುವೆಯಾದ ವರ್ಷವೂ ಹೀಗೇ ಆಗಿತ್ತು. ದೇಶದ ತಂಡಕ್ಕೆ ಆರಿಸುವ ದಿಲ್ಲಿಯ ಓಟಕ್ಕೆ ಕರೆ ಬಂದಿತ್ತು. ಕಾಲುಂಗುರ ಹಾಕಿಕೊಂಡೇ ಕಾಲುವೆ ದಂಡೆಯ ಮೇಲೆ ಓಡಿ ನೋಡಿದಳು. ಬೆರಳು ಕೊಯ್ದು ರಕ್ತ ಬಂತು. ತೆಗೆಯಲು ಹೋದರೆ ಅತ್ತೆ ರಂಪ ಮಾಡಿದಳು... ಗಂಡ ಬದುಕಿರುವಾಗ ಮುತ್ತೈದೆ ಕಾಲುಂಗುರ ತೆಗೆಯುವುದುಂಟೆ! ಗಂಡ ಅಮರಗುಂಡಪ್ಪ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ, ತುಟಿ ಪಿಟಕ್ಕೆನ್ನಲಿಲ್ಲ. ಶಿವಗಂಗಾ ಓಟ ಬಿಟ್ಟಳು. ಹೋಗಿದ್ದರೂ ಸೋತು ಬರುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡು ಸಂಸಾರ ಮಾಡಿದಳು. ಅದೊಂದು ಸಮಾಧಾನ ಅವಳ ಪಾಲಿಗೆ ಉಳಿದಿತ್ತು.

ಇವತ್ತು ಅಮರಗುಂಡಪ್ಪ ಬಂದು ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಅವ್ವಾ, ನೀ ಸುಮ್ಮನಿರು. ನನ್ನ ಹೆಸರಿಲೆ ಹಾಕಿದ ಉಂಗುರ, ನಾನ ತೆಗೀತೀನಿ. ನನಗೇನಾರ ಆಗೋದಿದ್ರ ಆಗಲಿ!"

"ಅಯ್ಯೋ ನನ್ನಪ್ಪಾ...!" ಪಂಪಮ್ಮ ಎದೆ ಬಡಿದುಕೊಂಡಳು.

ಶಿವಗಂಗಾ ಗಂಡನನ್ನು ನೋಡಿದಳು. "ಈ ಮಾತು ಆವತ್ತ ಆಡಿದ್ರ ನಿಮ್ಮ ಗಂಟೇನು ಹೋಗತಿತ್ರೀ?"

ಅವನು ಬಗ್ಗಿ ಉಂಗುರಗಳನ್ನು ಒಂದೊಂದಾಗಿ ತಿರುವಿ ಎಳೆದ. ಉಂಗುರಗಳು ಚರ್ಮ ತರಚಿಕೊಂಡೇ ಹೊರಬಂದವು.

ಲಿಂಗಸುಗೂರಿನಲ್ಲಿ ಅವಳು ಓಡಿದಳು. ಎರಡನೇ ಸುತ್ತಿಗೆ ಮೊಣಕಾಲು ಕೈಕೊಟ್ಟಿತು. ಉಳಿದದ್ದನ್ನು ನಡೆದು ಮುಗಿಸಿ ಕಡೆಯವಳಾಗಿ ಬಂದಳು. ಮೊದಲು ಬಂದಿದ್ದ ಸಿಂಧನೂರಿನ ಶಾಕೀರಾ ಓಡಿಬಂದು ತಬ್ಬಿಕೊಂಡಳು. ಆ ಕಾಲದಲ್ಲಿ ಯಾವಾಗಲೂ ಶಿವಗಂಗಾಳ ಹಿಂದೆ ಎರಡನೆಯವಳು ಅವಳೇ.

"ಯವ್ವಾ ಶಿವಗಂಗಾ! ಆ ವರ್ಷ ದಿಲ್ಲ್ಯಾಗ ಗೆದ್ದಾಕಿ ನಾನು. ಖರೇ ಹೇಳ್ತೀನಿ, ಅವತ್ತ ಭಾಳ ಜೋರೇನು ಓಡಿರಲಿಲ್ಲ ಬೇ. ನೀ ನನ್ನ ಒಂದು ದಿನಾನೂ ಮುಂದ ಬಿಟ್ಟಾಕಿ ಅಲ್ಲ. ನೀ ಬಂದಿದ್ರ ದೇಶದ ಪರವಾಗಿ ಓಡಾಕಿ ನೀನ... ಯಾಕ ಬರಲಿಲ್ಲ?"

"ಮೈಯಾಗ ಹುಷಾರಿರಲಿಲ್ಲವ್ವ," ಎಂದಳು ಶಿವಗಂಗಾ.

ಪಕ್ಕದಲ್ಲೇ ನಿಂತಿದ್ದ ಅಮರಗುಂಡಪ್ಪ ಕುಸಿದು ಕುಳಿತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. "ನಾ ತಪ್ಪು ಮಾಡಿದೆ... ನಿನ್ನ ಜೀವನಾನ ಹಾಳು ಮಾಡಿದೆ..."

ಶಿವಗಂಗಾಳಿಗೆ ಅಳು ಬರಲಿಲ್ಲ. ಸೋಲುತ್ತಿದ್ದೆ ಎಂದುಕೊಳ್ಳಲು ಇನ್ನು ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ಅವನ ಪಕ್ಕ ಕುಳಿತಿದ್ದು, ತೋಳು ಹಿಡಿದು ಎಬ್ಬಿಸಿದಳು.

"ಏಳ್ರೀ, ಸಾಕು. ಮಸ್ಕಿ ಬಸ್ಸು ನಿಂತೈತಿ. ಅತ್ತಿ ಮುಂಜಾನಿಂದ ಏನೂ ಉಂಡಿಲ್ಲ."