ಅಂಗಿಯಲ್ಲಿ ಪೌಡರ್ ವಾಸನೆ

ಹತ್ತೊಂಬತ್ತು ವರ್ಷಗಳಿಂದ ಗಂಡ ಬಾಷಾನ ಅಂಗಿ ಒಗೆಯುತ್ತಿದ್ದ ಕೌಸರ್‌ಗೆ ಆ ಅಂಗಿಯ ವಾಸನೆಗಳೆಲ್ಲ ಗೊತ್ತಿದ್ದವು. ಡೀಸೆಲ್, ಗ್ರೀಸ್, ಬೆವರು, ಒಮ್ಮೊಮ್ಮೆ ಮಿರ್ಚಿ ಕರಿದ ಎಣ್ಣೆ. ಆ ಮಂಗಳವಾರ ಬೆಳಿಗ್ಗೆ ಅಂಗಿಯನ್ನು ಬಕೀಟಿಗೆ ಹಾಕಹೋದವಳು ಹಾಗೇ ನಿಂತಳು. ಗುಲಾಬಿ ಪೌಡರಿನ ಘಮ. ಎದೆಯ ಮೇಲೆ, ತೋಳಿನ ಮೇಲೆ ಬಿಳಿ ಧೂಳು.

ಅವಳು ಪೌಡರ್ ಹಚ್ಚಿಕೊಳ್ಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಡಬ್ಬಿಯೇ ಇರಲಿಲ್ಲ.

ಅವಳ ಮನಸ್ಸು ಎಲ್ಲೂ ಸುತ್ತಾಡದೆ ನೇರ ಹೋಗಿ ಕೀರ್ತನಾಳ ಮುಂದೆ ನಿಂತಿತು. ಹಡಗಲಿಯಿಂದ ಕೊಟ್ಟೂರಿನ ಕಾಲೇಜಿಗೆ ಬರುವ ಲೆಕ್ಚರರ್. ಜಡೆಯಲ್ಲಿ ಸದಾ ಮೊಳ ಮಲ್ಲಿಗೆ. ಅವಳ ಅಪ್ಪನ ಕಾಲದ ಬಿಳಿ ಕಾರು ನಿಂತಲ್ಲೆಲ್ಲ ಆಯಿಲ್ ತೊಟ್ಟಿಕ್ಕುತ್ತದೆಂದು ಹದಿನೈದು ದಿನದಲ್ಲಿ ಮೂರು ಸಲ ಬಾಷಾನ ಗ್ಯಾರೇಜಿಗೆ ಬಂದಿತ್ತು. ಊರವರೆಲ್ಲ 'ಬಾಷಾ ಅಣ್ಣ', 'ಬಾಷಾಭಾಯ್' ಅಂದರೆ ಇವಳೊಬ್ಬಳು 'ಬಾಷಾ ಅವ್ರೆ' ಅನ್ನುತ್ತಿದ್ದಳು. ಅಣ್ಣ ಎನ್ನಲು ಆ ನಾಲಿಗೆಗೇನು ಕಷ್ಟ ಎಂದು ಕೌಸರ್ ಎರಡು ವಾರದಿಂದ ಯೋಚಿಸುತ್ತಿದ್ದಳು.

ಅಂಗಿಯನ್ನು ನೀರಿಗೆ ಹಾಕಲಿಲ್ಲ. ಮಡಚಿ ಚೀಲಕ್ಕೆ ತುರುಕಿಕೊಂಡು ಗ್ಯಾರೇಜಿಗೆ ಹೊರಟಳು.

ಅಲ್ಲಿ ಬಿಳಿ ಕಾರಿನ ಬಾನೆಟ್ ಎತ್ತಿತ್ತು. ಅದರೊಳಗೆ ಎರಡು ತಲೆಗಳು ಬಾಗಿದ್ದವು. ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಬಾಷಾನ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಗುಲಾಬಿ ಬಣ್ಣದ ಪೌಡರ್ ಡಬ್ಬಿ.

"ಏನ್ರೀ, ಸಿಂಗಾರ ನಡದೈತಿ?" ಅಂದಳು ಕೌಸರ್.

ಬಾಷಾ ತಲೆ ಎತ್ತಿದ. ಮೀಸೆಯೂ ಬೆಳ್ಳಗಾಗಿತ್ತು. "ಬಾ ಇಲ್ಲಿ, ನೋಡು. ಕೆಳಗ ಹನಿ ಬೀಳ್ತಾವಂತ ಕೆಳಗಿನ ರಬ್ಬರ್ ಪ್ಯಾಕಿಂಗ್ ಬದ್ಲಿ ಮಾಡಿ ಮೋಸ ಹೋಗಿದ್ದೆ. ಈಗ ಎಂಜಿನ್ ತೊಳದು, ಒಣಗಿಸಿ, ಪೌಡರ್ ಉದುರಿಸಿ ಚಾಲೂ ಮಾಡೀನಿ. ಆಯಿಲ್ ಎಲ್ಲಿಂದ ಹೊಂಟೈತೋ ಅಲ್ಲಿಂದ ಗೆರಿ ಬೀಳ್ತೈತಿ. ನಿನ್ನಿನೂ ಹಾಕಿದ್ದೆ, ಫ್ಯಾನ್ ಗಾಳಿಗೆ ಎಲ್ಲ ನನ್ನ ಮ್ಯಾಲೇ ಹಾರ್ತು."

ಕೌಸರ್ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅನುಮಾನ ಹೋಯಿತು. ಹೊಟ್ಟೆಯ ಉರಿ ಮಾತ್ರ ಹೋಗಲಿಲ್ಲ.

ಬಾಷಾ ಮತ್ತೆ ಬಾಗಿದ. ಉಸಿರು ಬಿಗಿಹಿಡಿದು ಬಿಳಿಯ ಮೇಲೆ ಇಂಚಿಂಚಾಗಿ ಬೆಳಕು ಸರಿಸಿದ. ಮೇಲೆ, ಎಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಕೂದಲೆಳೆಯಂಥ ಕಂದು ಗೆರೆಯೊಂದು ಕೆಳಗೆ ಜಾರಿತ್ತು.

"ಇಲ್ಲಿ ಐತಲ್ಲ ನಿನ್ನ ನೋವು," ಅಂದ ಎಂಜಿನ್ನಿಗೆ, ಮೆಲ್ಲಗೆ.

ಆ ದನಿ ಕೌಸರ್‌ಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳ ಕಾಲಿಗೆ ಮುಳ್ಳು ಚುಚ್ಚಿದಾಗ ಕೇಳಿದ್ದ ದನಿ. ಎಲ್ಲೋ ಕಳೆದುಹೋಯಿತೆಂದು ಅವಳು ಅಂದುಕೊಂಡಿದ್ದರೆ, ಅದು ದಿನವೂ ಇಲ್ಲಿಗೆ ಬಂದು ಖರ್ಚಾಗುತ್ತಿತ್ತು.

"ನಿಮ್ಮವರಿಗೆ ಭಾಳ ತಾಳ್ಮಿ ಅಕ್ಕಾ," ಅಂದಳು ಕೀರ್ತನಾ.

"ಐತ್ರಿ. ಕಾರಿಗೆ ಐತಿ."

ಕೀರ್ತನಾ ಒಮ್ಮೆ ಅವಳನ್ನು, ಒಮ್ಮೆ ಬಾಷಾನನ್ನು ನೋಡಿದಳು. ಕ್ಲಾಸಿದೆ, ನಾಲ್ಕಕ್ಕೆ ಬರುತ್ತೇನೆಂದು ಆಟೋ ಹತ್ತಿದಳು.

ಕವರ್ ಬಿಚ್ಚಿದರೆ ಅದರಡಿಯ ಹಳೆಯ ಪ್ಯಾಕಿಂಗ್ ಹಪ್ಪಳದಂತೆ ಮುರಿದು ಬಂತು. ಬಾಷಾ ಅಂಚನ್ನು ಒರೆಸಿ ಹೊಸದನ್ನು ಕೂರಿಸಿದ, ಬೋಲ್ಟುಗಳನ್ನು ಒಂದೊಂದಾಗಿ ಸ್ವಲ್ಪಸ್ವಲ್ಪವೇ ಬಿಗಿದ. ಎಂಜಿನ್ ಒರೆಸಿ, "ಚಿಗಟೇರಿ ಕಡಿ ಒಂದು ಟ್ರಯಲ್ ನೋಡಿ ಬರ್ತೀನಿ," ಅಂದ.

ಅವನು ಕೀ ತಿರುವುವಷ್ಟರಲ್ಲಿ ಕೌಸರ್ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು.

ಊರು ದಾಟಿತು. ಎರಡೂ ಬದಿ ಮೆಕ್ಕೆಜೋಳ.

"ಯಾಕ ಸುಮ್ನ ಅದಿ?"

"ಆ ಎಂಜಿನ್ ನೋಡಿದಂಗ ನನ್ನ ಯಾವಾಗ ನೋಡೀರಿ?"

ಬಾಷಾ ರಸ್ತೆಯ ಗುಂಡಿಯೊಂದನ್ನು ತಪ್ಪಿಸಿದ. "ನೋಡ್ತೀನಿ. ಅಡಿಗಿಮನ್ಯಾಗ ಒಬ್ಬಾಕಿನ ನಿಂತಿರ್ತಿ. ಏನಾತು ಅಂದ್ರ ಏನೂ ಇಲ್ಲ ಅಂತಿ. ಎಂಜಿನ್ ಹಂಗ ಸುಳ್ಳು ಹೇಳಂಗಿಲ್ಲ."

"ಏನೂ ಇಲ್ಲ ಅಂದ್ರ ಇನ್ನೊಂದ್ಸಲ ಕೇಳ್ಬೇಕು."

"ಎಷ್ಟು ಸಲ?"

"ಈ ಕಾರು ಎಷ್ಟು ಸಲ ಬಂತು? ಅಷ್ಟು."

ಅವನು ಗೇರ್ ಇಳಿಸಿದ. "ಏನಾಗೈತಿ?"

"ಏನೂ ಇಲ್ಲ."

"ಏನಾಗೈತಿ, ಕೌಸರ್?"

"ಏನೂ ಇಲ್ಲ ಅಂದ್ನಲ್ಲ."

ಬಾಷಾ ಬೇವಿನ ಮರದ ನೆರಳಿಗೆ ಕಾರು ಒತ್ತಿ ನಿಲ್ಲಿಸಿದ. ಅವಳತ್ತ ಪೂರ್ತಿ ತಿರುಗಿ ಕುಳಿತ. "ಏನಾಗೈತಿ?"

ಕೌಸರ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹೊಟ್ಟಿಕಿಚ್ಚು," ಅಂದಳು.

ಅವನು ನಗಲಿಲ್ಲ. ಕಪ್ಪಾದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ. "ಯಾರ ಮ್ಯಾಲೆ?"

"ಮೊದ್ಲು ಆಕಿ ಮ್ಯಾಲೆ. ಈಗ ಈ ಕಾರಿನ ಮ್ಯಾಲೆ."

"ಎಷ್ಟು ದಿನದಿಂದ?"

"ಭಾಳ ವರ್ಷದಿಂದ ರೀ."

ಅವನು ಕೈ ಬಿಡಲಿಲ್ಲ. ಅವಳು ಹೇಳುತ್ತಾ ಹೋದಳು, ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಇಬ್ಬರೂ ಇಳಿದು ಮೊಣಕಾಲೂರಿ ಕಾರಿನ ಕೆಳಗೆ ಇಣುಕಿದರು. ನೆಲ ಒಣಗಿತ್ತು.

"ಒಂದು ಹನಿನೂ ಇಲ್ಲ," ಅಂದ ಬಾಷಾ. "ಹೊಳ್ಳಿ ಹೋಗಾಣೇನು?"

ಕೌಸರ್ ಮುಂದಿನ ಖಾಲಿ ರಸ್ತೆಯತ್ತ ನೋಡಿದಳು.

"ಇಷ್ಟಕ್ಕ ಗೊತ್ತಾಗಂಗಿಲ್ಲ ರೀ. ಹರಪನಹಳ್ಳಿ ತನಕ ಹೋಗಿ ನೋಡಾಣು."